ಸೋಡಚೀಟಿಯಲ್ಲಿ ಬರೆಯದೆ ಉಳಿದ ಹೆಸರು

(ಬಾನುಲಿ ಭಾಷಣ)

ಮೂವತ್ತು ವರ್ಷಗಳಿಗೂ ಹಿಂದಿನ ಮಾತು. ಜಿಲ್ಲಾ ಕೇಂದ್ರವೊಂದರ ಕಾಲೇಜಿನಲ್ಲಿ ನಾನು ಆಗ ಕನ್ನಡ ಅಧ್ಯಾಪಕ. ವಿದ್ಯಾರ್ಥಿವೇತನದ ಅರ್ಜಿಗಳನ್ನು ಪರಿಶೀಲಿಸುವ ಹೊಣೆ ಆ ವರ್ಷ ನನ್ನ ಪಾಲಿಗೆ ಬಂದಿತ್ತು. ಪದವಿಪೂರ್ವ ತರಗತಿಯ ಹುಡುಗಿಯೊಬ್ಬಳ ಅರ್ಜಿಯಲ್ಲಿ ತಂದೆ ಸಹಿ ಮಾಡಬೇಕಾದ ಕಡೆ ತಾಯಿಯ ಸಹಿ ಇತ್ತು. "ತಂದೆಯ ಸಹಿ ಮಾಡಿಸಿಕೊಂಡು ಬಾಮ್ಮ" ಎಂದು ನಾನು ಅರ್ಜಿಯನ್ನು ಹಿಂದಿರುಗಿಸಿದೆ. ಮರುದಿನ ಹುಡುಗಿಯ ತಾಯಿ ಬಂದರು. ಹಳ್ಳಿಯೊಂದರ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿ. ಬಟ್ಟೆಯ ಚೀಲದಿಂದ ನ್ಯಾಯಾಲಯದ ತೀರ್ಪಿನ ನಕಲನ್ನು ತೆಗೆದು ಮೇಜಿನ ಮೇಲಿಟ್ಟು, "ಸಾರ್, ಮಗಳನ್ನು ಸಾಕುವುದಕ್ಕೆ ಕೋರ್ಟು ನನಗೆ ಕೊಟ್ಟಿದೆ. ಅವಳ ಪರವಾಗಿ ಒಂದು ಸಹಿ ಹಾಕುವುದಕ್ಕೆ ಕೊಟ್ಟಿಲ್ಲವೆ?" ಎಂದು ಕೇಳಿದರು. ನನಗೆ ಉತ್ತರ ತಿಳಿಯಲಿಲ್ಲ. ನಿಯಮ ಹಾಗಿದೆ ಎಂದೆ. ಬೇರೊಂದು ಸಂಸಾರ ಹೂಡಿದ್ದ ತಂದೆಯ ಊರಿಗೆ ಆ ಹುಡುಗಿ ಒಬ್ಬಳೇ ಬಸ್ಸಿನಲ್ಲಿ ಹೋಗಿ, ಎರಡು ದಿನ ಕಾದು, ಸಹಿ ತಂದಳು. ಅಷ್ಟರಲ್ಲಿ ಅರ್ಜಿಯ ಕೊನೆಯ ದಿನಾಂಕ ಕಳೆದುಹೋಗಿತ್ತು.

ಆ ತಾಯಿಯ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಾನು ಕಾನೂನು ಓದಿದವನಲ್ಲ, ಶಬ್ದಗಳೊಡನೆ ಬಾಳಿದವನು. ಆದರೂ ವಿವಾಹ ವಿಚ್ಛೇದನದ ಕಾನೂನು ನಮ್ಮಲ್ಲಿ ಬೆಳೆದು ಬಂದ ಬಗೆಯನ್ನು ನನ್ನ ಮಟ್ಟಿಗೆ ಓದಿಕೊಂಡೆ. ಓದಿದಷ್ಟೂ ಒಂದು ಸಂಗತಿ ಸ್ಪಷ್ಟವಾಗುತ್ತ ಹೋಯಿತು. ಗಂಡಹೆಂಡಿರ ಬಿಡುಗಡೆಯ ಬಗೆಗೆ ಮನುಷ್ಯರು ಎರಡು ಸಾವಿರ ವರ್ಷಗಳಿಂದ ಯೋಚಿಸಿದ್ದಾರೆ. ಆ ಇಬ್ಬರ ನಡುವೆ ನಿಂತ ಮಗುವಿನ ಬಗೆಗೆ ಯೋಚಿಸತೊಡಗಿದ್ದು ತೀರ ಈಚೆಗೆ. ಆ ಸಂಗತಿಯನ್ನೇ ಇಂದು ನಿಮ್ಮ ಮುಂದಿಡಬಯಸುತ್ತೇನೆ.

ಮೊದಲು ಶಬ್ದಗಳನ್ನೇ ನೋಡೋಣ. ಉತ್ತರ ಕರ್ನಾಟಕದ ಕಡೆ ವಿಚ್ಛೇದನದ ಪತ್ರಕ್ಕೆ 'ಸೋಡಚೀಟಿ' ಎನ್ನುತ್ತಾರೆ. ಮರಾಠಿಯಿಂದ ಬಂದ ಮಾತು. ಬಿಟ್ಟೆನೆಂದು ಬರೆದುಕೊಟ್ಟ ಚೀಟಿ ಎಂದರ್ಥ. ನಮ್ಮದೇ ಮಾತು 'ಬಿಡುಗಡೆ'. ಅರಬ್ಬಿಯ 'ತಲಾಖ್' ಎಂಬುದರ ಮೂಲಾರ್ಥವೂ ಬಂಧನದಿಂದ ಬಿಡಿಸುವುದೇ. ಸಂಸ್ಕೃತದ 'ವಿಚ್ಛೇದನ'ವಂತೂ ಕತ್ತರಿಸುವ ಕ್ರಿಯೆ. ಈ ಎಲ್ಲ ಮಾತುಗಳಲ್ಲಿಯೂ ಇರುವವರು ಇಬ್ಬರೇ: ಬಿಡುವವರು ಮತ್ತು ಬಿಡಿಸಿಕೊಳ್ಳುವವರು. ಮೂರನೆಯವರ ಸುಳಿವು ಯಾವ ಶಬ್ದದಲ್ಲಿಯೂ ಇಲ್ಲ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವಿಚ್ಛೇದನಕ್ಕೆ ಬಳಕೆಯಾಗಿರುವ ಪದ 'ಮೋಕ್ಷ'. ಸಂಸಾರದಿಂದ ಆತ್ಮಕ್ಕೆ ದೊರೆಯುವ ಬಿಡುಗಡೆಗೂ ಸಂಸಾರದಿಂದ ಸತಿಪತಿಗಳಿಗೆ ದೊರೆಯುವ ಬಿಡುಗಡೆಗೂ ಒಂದೇ ಪದ! ಗಂಡಹೆಂಡಿರಲ್ಲಿ ಒಬ್ಬರಿಗೆ ಮಾತ್ರ ದ್ವೇಷವಿದ್ದರೆ, ಇನ್ನೊಬ್ಬರು ಒಪ್ಪದ ಹೊರತು ಬಿಡುಗಡೆಯಿಲ್ಲ. ಇಬ್ಬರಿಗೂ ಪರಸ್ಪರ ದ್ವೇಷವಿದ್ದರೆ ಬಿಡುಗಡೆಯುಂಟು ಎಂಬುದು ಅವನ ಮತ. ಆದರೆ ಧರ್ಮವಿವಾಹಗಳೆಂದು ಎಣಿಸಿದ ಮೊದಲ ನಾಲ್ಕು ಬಗೆಯ ಮದುವೆಗಳಿಗೆ ಈ ಸೌಲಭ್ಯವಿಲ್ಲವೆಂದೂ ಅವನು ಸೇರಿಸುತ್ತಾನೆ. ನಾರದ, ಪರಾಶರ ಸ್ಮೃತಿಗಳು, ಪತಿ ಕಾಣೆಯಾದಾಗ, ಸತ್ತಾಗ, ಸಂನ್ಯಾಸಿಯಾದಾಗ, ನಪುಂಸಕನಾದಾಗ, ಪತಿತನಾದಾಗ, ಹೀಗೆ ಐದು ಆಪತ್ತುಗಳಲ್ಲಿ ಸ್ತ್ರೀಗೆ ಮತ್ತೊಬ್ಬ ಪತಿಯನ್ನು ಹೇಳಿದ್ದುಂಟು. ಈ ಮಾತನ್ನು ಆಧಾರವಾಗಿಟ್ಟುಕೊಂಡು ಹತ್ತೊಂಬತ್ತನೆಯ ಶತಮಾನದಲ್ಲಿ ಈಶ್ವರಚಂದ್ರ ವಿದ್ಯಾಸಾಗರರು ವಿಧವಾವಿವಾಹಕ್ಕಾಗಿ ವಾದಿಸಿದರು. ಮುಂದಿನ ಶತಮಾನಗಳ ಉಚ್ಚವರ್ಣದ ಆಚಾರ ಈ ಬಾಗಿಲುಗಳನ್ನೆಲ್ಲ ಮುಚ್ಚಿತು; ಮದುವೆ ಸಂಸ್ಕಾರ, ಸಂಸ್ಕಾರಕ್ಕೆ ಬಿಡುಗಡೆಯಿಲ್ಲ ಎಂಬ ನಂಬಿಕೆ ನೆಲೆಯೂರಿತು.

ಆದರೆ ಶಾಸ್ತ್ರ ಮುಚ್ಚಿದ ಬಾಗಿಲನ್ನು ರೂಢಿ ತೆರೆದೇ ಇಟ್ಟಿತ್ತು. ಕರ್ನಾಟಕದ ಅನೇಕ ಸಮುದಾಯಗಳಲ್ಲಿ ಕುಲದ ಹಿರಿಯರ ಎದುರು ಬಿಡುಗಡೆಯಾಗುತ್ತಿತ್ತು. ಗಂಡನನ್ನು ಬಿಟ್ಟವಳು 'ಉಡಿಕೆ' ಅಥವಾ 'ಕೂಡಿಕೆ'ಯೆಂಬ ಸರಳ ವಿಧಿಯಿಂದ ಮತ್ತೊಂದು ಸಂಸಾರ ಹೂಡಬಹುದಾಗಿತ್ತು. ಹಿಂದೂಗಳಲ್ಲಿ ವಿಚ್ಛೇದನವೆಂಬುದೇ ಇರಲಿಲ್ಲ ಎಂದು ಸಾರಾಸಗಟಾಗಿ ಹೇಳುವವರು ಈ ಬಹುಸಂಖ್ಯಾತ ಜನರನ್ನು ಮರೆತು ಹೇಳುತ್ತಾರೆ. ಇಂಥ ರೂಢಿಯ ಬಿಡುಗಡೆಯನ್ನು ಇಂದಿನ ಶಾಸನವೂ ಅಳಿಸಿಲ್ಲ. 1955ರ ಹಿಂದೂ ವಿವಾಹ ಕಾಯಿದೆಯ 29ನೆಯ ಪ್ರಕರಣ ಅದನ್ನು ಉಳಿಸಿಕೊಂಡಿದೆ.

ಹಾಗಾದರೆ ಮಗು? ತಂದೆಯ ಮನೆತನದಿಂದ ವಂಶ ಎಣಿಸುವ ಸಮುದಾಯಗಳಲ್ಲಿ ಮಗು ಬಹುಮಟ್ಟಿಗೆ ತಂದೆಯ ಕಡೆಯೇ ಉಳಿಯುತ್ತಿತ್ತು. ಹೊಸ ಮನೆಗೆ ಹೋಗುವ ಹೆಣ್ಣು ಮಗುವನ್ನು ಹಿಂದಕ್ಕೆ ಬಿಟ್ಟು ಹೋಗಬೇಕಾಗಿತ್ತು. ತುಳುನಾಡಿನ ಅಳಿಯಸಂತಾನದಲ್ಲಿ ಇದಕ್ಕೆ ತೀರ ಭಿನ್ನವಾದ ವ್ಯವಸ್ಥೆ. ಅಲ್ಲಿ ಮಗು ಹುಟ್ಟಿನಿಂದಲೇ ತಾಯಿಯ ಕುಟುಂಬದ ಸದಸ್ಯ. ಗಂಡಹೆಂಡಿರು ಬೇರೆಯಾದರೂ ಮಗುವಿನ ಮನೆ ಬದಲಾಗುತ್ತಿರಲಿಲ್ಲ. ಎರಡನೆಯ ವ್ಯವಸ್ಥೆಯಲ್ಲಿ ಮಗುವಿಗೆ ನೋವು ಕಡಿಮೆಯೆಂಬುದು ನಿಜ. ಆದರೆ ಎರಡೂ ಕಡೆ ಪ್ರಶ್ನೆ ಒಂದೇ ಆಗಿತ್ತು: ಮಗು ಯಾರಿಗೆ ಸೇರಿದ್ದು? ಮಗುವಿಗೆ ಏನು ಬೇಕು ಎಂದು ಕೇಳುವ ಪದ್ಧತಿ ಎಲ್ಲಿಯೂ ಇರಲಿಲ್ಲ.

ಇಂಗ್ಲಿಷರ ಆಳ್ವಿಕೆಯೊಡನೆ ನಮ್ಮ ನ್ಯಾಯಾಲಯಗಳಿಗೆ ಅವರ ಕಾನೂನಿನ ಕಲ್ಪನೆಗಳೂ ಬಂದವು. ಅವು ಈ ವಿಷಯದಲ್ಲಿ ನಮ್ಮವಕ್ಕಿಂತ ಉದಾರವಾಗಿದ್ದವೆಂದು ತಿಳಿಯಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಮಕ್ಕಳ ಮೇಲೆ ತಂದೆಯ ಅಧಿಕಾರ ಹೆಚ್ಚುಕಡಿಮೆ ನಿರಂಕುಶವಾಗಿತ್ತು. ಕ್ಯಾರೊಲಿನ್ ನಾರ್ಟನ್ ಎಂಬ ಲೇಖಕಿ 1836ರಲ್ಲಿ ಗಂಡನಿಂದ ಬೇರೆಯಾದಾಗ ಆಕೆಯ ಮೂವರು ಗಂಡುಮಕ್ಕಳನ್ನು ಗಂಡ ತನ್ನ ವಶದಲ್ಲಿಟ್ಟುಕೊಂಡ. ನೋಡಲು ಅವಕಾಶ ಕೊಡಿಸುವ ಕಾನೂನೂ ಇರಲಿಲ್ಲ. ಆಕೆ ಕಿರುಹೊತ್ತಗೆಗಳನ್ನು ಬರೆದು ಹೋರಾಡಿದ ಫಲವಾಗಿ 1839ರಲ್ಲಿ ಒಂದು ಶಾಸನವಾಯಿತು: ಏಳು ವರ್ಷದೊಳಗಿನ ಮಕ್ಕಳನ್ನು ತನ್ನ ಬಳಿ ಇರಿಸಿಕೊಳ್ಳಲು ತಾಯಿ ನ್ಯಾಯಾಲಯವನ್ನು ಬೇಡಬಹುದು. ಎಳೆಯ ಮಗುವಿಗೆ ತಾಯಿಯ ಮಡಿಲು ಬೇಕೆಂಬ ಸಾಮಾನ್ಯ ವಿವೇಕ ಅಲ್ಲಿನ ಶಾಸನದಲ್ಲಿ ಸೇರಿದ್ದು ಹೀಗೆ, ಒಬ್ಬ ತಾಯಿಯ ಕಣ್ಣೀರಿನಿಂದ.

ಆನಿ ಬೆಸೆಂಟರ ಹೆಸರನ್ನು ಕೇಳದ ವಿದ್ಯಾವಂತರು ನಮ್ಮಲ್ಲಿ ವಿರಳ. ಥಿಯಾಸಫಿ, ಹೋಂ ರೂಲ್ ಚಳವಳಿ, 1917ರ ಕಾಂಗ್ರೆಸ್ ಅಧ್ಯಕ್ಷತೆ ಇವೆಲ್ಲ ನಮಗೆ ನೆನಪಾಗುತ್ತವೆ. ಆಕೆ ಮಗುವನ್ನು ಕಳೆದುಕೊಂಡ ತಾಯಿಯೆಂಬುದು ನೆನಪಾಗುವುದಿಲ್ಲ. ಪಾದ್ರಿಯಾಗಿದ್ದ ಗಂಡನಿಂದ 1873ರಲ್ಲಿ ಆಕೆ ಬೇರೆಯಾದಾಗ ಮಗ ತಂದೆಯ ಬಳಿ, ಮಗಳು ತಾಯಿಯ ಬಳಿ ಉಳಿದರು. ಸಂತಾನ ನಿಯಂತ್ರಣವನ್ನು ಕುರಿತ ಪುಸ್ತಿಕೆಯೊಂದನ್ನು ಪ್ರಕಟಿಸಿ 1877ರಲ್ಲಿ ಆಕೆ ಮೊಕದ್ದಮೆ ಎದುರಿಸಿದರು. ಮರುವರ್ಷ ಎಂಟು ತುಂಬದ ಆ ಮಗಳನ್ನೂ ನ್ಯಾಯಾಲಯ ಕಿತ್ತು ತಂದೆಗೆ ಕೊಟ್ಟಿತು. ನಾಸ್ತಿಕಳಾದವಳು, ಅಂಥ ಪುಸ್ತಕವನ್ನು ಹಂಚಿದವಳು ಹೆಣ್ಣುಮಗುವನ್ನು ಬೆಳೆಸಲು ತಕ್ಕವಳಲ್ಲವೆಂಬುದು ಕಾರಣ. ಮುಂದೆ ಪ್ರಾಯಕ್ಕೆ ಬಂದ ಮೇಲೆ ಇಬ್ಬರು ಮಕ್ಕಳೂ ತಾವಾಗಿಯೇ ತಾಯಿಯ ಬಳಿಗೆ ಬಂದರು. ನ್ಯಾಯಾಲಯ ಕೇಳದೆ ಬಿಟ್ಟ ಪ್ರಶ್ನೆಗೆ ಮಕ್ಕಳು ಕೊಟ್ಟ ಉತ್ತರವದು.

ವಿಧಿಯ ವಿಚಿತ್ರವೆಂದರೆ ಅದೇ ಬೆಸೆಂಟರು ಮೂರೂವರೆ ದಶಕಗಳ ಅನಂತರ ಮದರಾಸಿನ ನ್ಯಾಯಾಲಯದಲ್ಲಿ ಪ್ರತಿವಾದಿಯಾಗಿ ನಿಲ್ಲಬೇಕಾಯಿತು. ಜಿಡ್ಡು ಕೃಷ್ಣಮೂರ್ತಿ ಮತ್ತು ಅವರ ತಮ್ಮ ನಿತ್ಯಾನಂದರ ಪೋಷಕತ್ವವನ್ನು ತಂದೆ ನಾರಾಯಣಯ್ಯನವರು 1910ರಲ್ಲಿ ಬೆಸೆಂಟರಿಗೆ ಬರೆದುಕೊಟ್ಟಿದ್ದರು. ಆಮೇಲೆ ಮಕ್ಕಳನ್ನು ಹಿಂದಿರುಗಿಸಬೇಕೆಂದು ದಾವೆ ಹೂಡಿದರು. ಅದು ವಿಚ್ಛೇದನದ ವ್ಯಾಜ್ಯವಲ್ಲ, ನಿಜ. ಆದರೆ ವಿಚ್ಛೇದನದ ಪ್ರತಿಯೊಂದು ವ್ಯಾಜ್ಯದಲ್ಲಿಯೂ ಏಳುವ ಪ್ರಶ್ನೆಯೇ ಅಲ್ಲಿಯೂ ಇತ್ತು. 1913ರಲ್ಲಿ ಮದರಾಸಿನ ಹೈಕೋರ್ಟು ತಂದೆಯ ಪರವಾಗಿ ತೀರ್ಪು ಕೊಟ್ಟಿತು. 1914ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಅದನ್ನು ತಳ್ಳಿಹಾಕಿತು. ತಂದೆಯೇ ಸಹಜ ಪೋಷಕನೆಂಬುದನ್ನು ಅದು ಅಲ್ಲಗಳೆಯಲಿಲ್ಲ. ಆದರೆ ಇಂಗ್ಲೆಂಡಿನಲ್ಲಿ ಓದುತ್ತಿದ್ದ, ಬುದ್ಧಿ ಬಂದ ಹುಡುಗರ ಇಚ್ಛೆಯನ್ನು ಲೆಕ್ಕಿಸದೆ, ಅವರನ್ನು ಹಿಡಿದು ತಂದು ಒಪ್ಪಿಸಬೇಕೆಂದು ಆಜ್ಞಾಪಿಸಲಾಗದು ಎಂದಿತು. ಮಗುವಿಗೂ ಒಂದು ಮಾತಿದೆಯೆಂಬ ವಿಚಾರ ನಮ್ಮ ಕಾನೂನಿನಲ್ಲಿ ತಲೆಯೆತ್ತಿದ ಸಂದರ್ಭಗಳಲ್ಲಿ ಇದೊಂದು.

1890ರ ಪೋಷಕರು ಮತ್ತು ಪಾಲ್ಯರ ಕಾಯಿದೆಯಲ್ಲಿಯೇ ಇದರ ಬೀಜವಿತ್ತೆನ್ನಬೇಕು. ಪೋಷಕನನ್ನು ನೇಮಿಸುವಾಗ ಅಪ್ರಾಪ್ತ ವಯಸ್ಕನ ಕ್ಷೇಮವನ್ನು ನೋಡಬೇಕು, ತಿಳಿವಳಿಕೆ ಬಂದ ಮಗುವಾದರೆ ಅದರ ಒಲವನ್ನೂ ಪರಿಗಣಿಸಬಹುದು ಎಂದು ಆ ಕಾಯಿದೆ ಹೇಳುತ್ತದೆ. ಆದರೆ ಅದೇ ಕಾಯಿದೆಯ 19ನೆಯ ಪ್ರಕರಣ, ಅಯೋಗ್ಯನಲ್ಲದ ತಂದೆ ಬದುಕಿರುವಾಗ ಇನ್ನೊಬ್ಬರನ್ನು ಪೋಷಕರನ್ನಾಗಿ ನೇಮಿಸಕೂಡದೆಂದು ತಡೆಯೊಡ್ಡಿತ್ತು. ಆ ಪ್ರಕರಣದಲ್ಲಿ ತಂದೆಯ ಪಕ್ಕದಲ್ಲಿ 'ಅಥವಾ ತಾಯಿ' ಎಂಬ ಎರಡು ಪದಗಳು ಸೇರಿದ್ದು 2010ರಲ್ಲಿ. ಎರಡು ಪದಗಳಿಗೆ ನೂರಿಪ್ಪತ್ತು ವರ್ಷಗಳು ಬೇಕಾದವು!

ಇನ್ನು ಹಿಂದೂ ವಿಚ್ಛೇದನದ ಶಾಸನದ ಕಡೆಗೆ ಬರೋಣ. ಸಂಸ್ಥಾನಗಳ ಪೈಕಿ ಸಯಾಜಿರಾವ್ ಗಾಯಕವಾಡರ ಬರೋಡ 1931ರಲ್ಲಿಯೇ ವಿಚ್ಛೇದನಕ್ಕೆ ಕಾನೂನಿನ ಒಪ್ಪಿಗೆ ಕೊಟ್ಟಿತು. ಮುಂಬಯಿ ಪ್ರಾಂತ 1947ರಲ್ಲಿ, ಮದರಾಸು ಪ್ರಾಂತ 1949ರಲ್ಲಿ ಅದೇ ದಾರಿ ಹಿಡಿದವು. ಕನ್ನಡಿಗರು ಆಗ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರಷ್ಟೆ. ಆದ್ದರಿಂದ ಧಾರವಾಡ, ಬೆಳಗಾವಿಗಳಿಗೆ ಮುಂಬಯಿಯ ಕಾಯಿದೆ, ಮಂಗಳೂರು, ಬಳ್ಳಾರಿಗಳಿಗೆ ಮದರಾಸಿನ ಕಾಯಿದೆ ಅನ್ವಯಿಸಿದವು. ಒಂದೇ ಭಾಷೆಯಾಡುವ ಹೆಣ್ಣುಮಕ್ಕಳ ಬಿಡುಗಡೆ ಅವರು ಹುಟ್ಟಿದ ಜಿಲ್ಲೆಯನ್ನು ಅವಲಂಬಿಸಿತ್ತು.

ಇಡೀ ದೇಶಕ್ಕೆ ಒಂದೇ ಸಂಹಿತೆಯನ್ನು ರಚಿಸುವ ಕೆಲಸದ ಹಿಂದೆ ಮಂಗಳೂರಿನವರೊಬ್ಬರಿದ್ದರು. 1941ರಲ್ಲಿ ನೇಮಕಗೊಂಡು 1944ರಲ್ಲಿ ಪುನರ್ರಚಿತವಾದ ಹಿಂದೂ ಕಾನೂನು ಸಮಿತಿಯ ಅಧ್ಯಕ್ಷರು ಬೆನೆಗಲ್ ನರಸಿಂಗರಾಯರು. ಮುಂದೆ ಸಂವಿಧಾನ ಸಭೆಯ ಸಲಹೆಗಾರರಾದವರು. ಆ ಮಸೂದೆಯನ್ನು ಮುಂದೆ ಡಾ. ಅಂಬೇಡ್ಕರ್ ಅವರು ಸಂಸತ್ತಿನಲ್ಲಿ ನಡೆಸಿದರು. ವಿರೋಧ ಪ್ರಬಲವಾಯಿತು, ಮಸೂದೆ ನೆನೆಗುದಿಗೆ ಬಿತ್ತು; 1951ರಲ್ಲಿ ಅವರು ಮಂತ್ರಿಪದವಿಗೆ ರಾಜೀನಾಮೆ ಕೊಟ್ಟರು. ಮಸೂದೆಯ ಈ ಗತಿ ಅವರ ರಾಜೀನಾಮೆಯ ಮುಖ್ಯ ಕಾರಣಗಳಲ್ಲೊಂದು. ಅನಂತರ ಅದನ್ನು ಬಿಡಿಬಿಡಿಯಾಗಿ ಒಡೆದು ತಂದಾಗ ಅದರ ಮೊದಲ ತುಂಡಾಗಿ 1955ರ ಹಿಂದೂ ವಿವಾಹ ಕಾಯಿದೆ ಬಂದಿತು.

ಆ ಕಾಯಿದೆಯ ಮೊದಲ ರೂಪದಲ್ಲಿ ಬಿಡುಗಡೆಯ ಬಾಗಿಲು ಇಕ್ಕಟ್ಟಾಗಿಯೇ ಇತ್ತು. ಕ್ರೌರ್ಯ ಅಥವಾ ಪರಿತ್ಯಾಗದ ಕಾರಣ ಹೇಳಿದವರಿಗೆ ನ್ಯಾಯಿಕ ಪ್ರತ್ಯೇಕತೆ, ಎಂದರೆ ಬೇರೆ ಇರುವ ಅನುಮತಿ ದೊರೆಯುತ್ತಿತ್ತೇ ಹೊರತು ನೇರವಾಗಿ ವಿಚ್ಛೇದನವಲ್ಲ. 1976ರ ತಿದ್ದುಪಡಿ ಇವನ್ನು ವಿಚ್ಛೇದನದ ಕಾರಣಗಳನ್ನಾಗಿ ಮಾಡಿತು. ಪರಸ್ಪರ ಒಪ್ಪಿಗೆಯ ಬಿಡುಗಡೆಯನ್ನೂ 13-ಬಿ ಪ್ರಕರಣವಾಗಿ ಸೇರಿಸಿತು. ಒಂದು ವರ್ಷ ಬೇರೆಯಾಗಿ ಬಾಳಿರಬೇಕು. ಅರ್ಜಿ ಕೊಟ್ಟ ಮೇಲೆ ಮತ್ತೆ ಆರು ತಿಂಗಳು ಕಾಯಬೇಕು ಎಂಬುದು ನಿಯಮ. ತಕ್ಕ ಸಂದರ್ಭಗಳಲ್ಲಿ ಈ ಆರು ತಿಂಗಳನ್ನು ಬಿಡಬಹುದೆಂದು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಹೇಳಿದೆ. ಕೌಟಿಲ್ಯ ಕಂಡ ಪರಸ್ಪರ ಬಿಡುಗಡೆ ಹೀಗೆ ಬಹುದೂರ ಸುತ್ತಿ ಮತ್ತೆ ನಮ್ಮ ಮನೆಗೆ ಬಂದಿತು.

1955ರ ಕಾಯಿದೆಯಲ್ಲಿ ಜನ ಹೆಚ್ಚು ಚರ್ಚಿಸದ ಪ್ರಕರಣವೊಂದಿದೆ, 26ನೆಯದು. ಮಕ್ಕಳ ವಾಸ, ಪೋಷಣೆ, ವಿದ್ಯಾಭ್ಯಾಸಗಳ ಬಗ್ಗೆ, ಸಾಧ್ಯವಾದಲ್ಲೆಲ್ಲ ಆ ಮಕ್ಕಳ ಇಚ್ಛೆಗೆ ಅನುಗುಣವಾಗಿ, ನ್ಯಾಯಾಲಯ ಆದೇಶ ಮಾಡಬಹುದು. ಕಾಲಕಾಲಕ್ಕೆ ಅದನ್ನು ಬದಲಿಸಲೂಬಹುದು. ಗಂಡಹೆಂಡಿರ ಬಿಡುಗಡೆ ಒಮ್ಮೆ ಆದರೆ ಮುಗಿಯಿತು. ಮಗುವಿನ ಕುರಿತ ಆದೇಶ ಮಾತ್ರ ಮಗು ಬೆಳೆದಂತೆ ಬೆಳೆಯಬೇಕು. ಸೋಡಚೀಟಿಯಲ್ಲಿ ಮಗುವಿನ ಹೆಸರು ಬರೆಯಲು ತೊಡಗಿದ್ದು ಇಲ್ಲಿ ಎಂದರೆ ತಪ್ಪಾಗಲಾರದು.

ಆದರೆ ಮರುವರ್ಷವೇ, 1956ರಲ್ಲಿ, ಬಂದ ಅಪ್ರಾಪ್ತತೆ ಮತ್ತು ಪೋಷಕತ್ವದ ಕಾಯಿದೆ ಹಳೆಯ ಜಾಡಿಗೆ ಹೊರಳಿತು. ಮಗುವಿನ ಸಹಜ ಪೋಷಕನು ತಂದೆ, ಅವನ ಅನಂತರ ತಾಯಿ; ಐದು ವರ್ಷ ತುಂಬದ ಮಗು ಮಾತ್ರ ಸಾಧಾರಣವಾಗಿ ತಾಯಿಯ ಬಳಿ ಇರತಕ್ಕದ್ದು. ಮಗುವಿನ ಕ್ಷೇಮವೇ ಪರಮವೆಂದು ಅದೇ ಕಾಯಿದೆಯ 13ನೆಯ ಪ್ರಕರಣ ಹೇಳಿದರೂ, 'ಅನಂತರ' ಎಂಬ ಒಂದು ಪದ ತಾಯಿಯನ್ನು ಹಿಂದಿನ ಸಾಲಿಗೆ ತಳ್ಳಿತು. ಮಗಳನ್ನು ಸಾಕುವ ಹಕ್ಕು ಬೇರೆ, ಅವಳ ಪರವಾಗಿ ಸಹಿ ಮಾಡುವ ಹಕ್ಕು ಬೇರೆ ಎಂಬ ವಿಚಿತ್ರ ಹುಟ್ಟಿದ್ದು ಇಲ್ಲಿಂದ. ಅಂದು ನನ್ನ ಮೇಜಿನ ಎದುರು ನಿಂತ ತಾಯಿಯನ್ನು ತಡೆದದ್ದು ಆ ಒಂದು ಪದ.

ಇತರ ಧರ್ಮೀಯರ ಕಾನೂನುಗಳಲ್ಲಿಯೂ ಇದೇ ಎಳೆದಾಟ ಕಾಣುತ್ತದೆ. ಮುಸ್ಲಿಮರ ಹನಫಿ ಪಂಥದಲ್ಲಿ ಗಂಡುಮಗು ಏಳು ವರ್ಷದವರೆಗೆ, ಹೆಣ್ಣುಮಗು ಪ್ರಾಯಕ್ಕೆ ಬರುವವರೆಗೆ ತಾಯಿಯ ಲಾಲನೆಯಲ್ಲಿರತಕ್ಕದ್ದು; ಆದರೆ ಪೋಷಕನು ತಂದೆಯೇ. ಕ್ರೈಸ್ತರಿಗೆ ಅನ್ವಯಿಸುವ 1869ರ ಕಾಯಿದೆಯಲ್ಲಿ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನು ತೋರಿಸಿದರೆ ಸಾಕಾಗಿತ್ತು, ಹೆಂಡತಿಯಾದರೋ ಬಹುಮಟ್ಟಿಗೆ ವ್ಯಭಿಚಾರದ ಜೊತೆಗೆ ಮತ್ತೊಂದು ಅಪರಾಧವನ್ನೂ ತೋರಿಸಬೇಕಾಗಿತ್ತು. ಈ ತಾರತಮ್ಯ ಹೋದದ್ದು 2001ರಲ್ಲಿ. ಒಂದೇ ಉಸಿರಿನ ಮೂರು ತಲಾಖನ್ನು ಅಪರಾಧವೆಂದ 2019ರ ಕಾಯಿದೆ, ಅದಕ್ಕೆ ಗುರಿಯಾದ ತಾಯಿಗೆ ಅಪ್ರಾಪ್ತ ಮಕ್ಕಳನ್ನು ತನ್ನ ಬಳಿ ಇಟ್ಟುಕೊಳ್ಳುವ ಹಕ್ಕನ್ನು ಕೊಟ್ಟಿದೆ.

ನ್ಯಾಯಾಲಯದ ಆವರಣದಲ್ಲಿ ಮಗುವಿನ ವಿಷಯ ಬಂದಾಗ 'ಸುಪರ್ದಿ' ಎಂಬ ಪಾರಸಿ ಮೂಲದ ಮಾತೊಂದು ಕೇಳಿಬರುತ್ತದೆ. ಕಳವಿನ ಮಾಲನ್ನು ವಶಪಡಿಸಿಕೊಂಡು ಒಪ್ಪಿಸುವಾಗಲೂ ಇದೇ ಮಾತು. ಇಂಗ್ಲಿಷಿನ 'ಕಸ್ಟಡಿ'ಯೂ ಅಷ್ಟೆ. ಮಗುವಿಗೂ ಕೈದಿಗೂ ಅದೊಂದೇ. ಆಡಳಿತ ಕನ್ನಡದ 'ಅಭಿರಕ್ಷೆ' ತುಸು ಬಿಗಿಯಾದ ಪದವಾದರೂ ಅದರೊಳಗೆ ರಕ್ಷೆಯಿದೆಯೆಂಬುದು ಸಮಾಧಾನ. 1973ರಲ್ಲಿ ರೋಸಿ ಜೇಕಬ್ ಎಂಬಾಕೆಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ, ಮಕ್ಕಳು ಸ್ವತ್ತೂ ಅಲ್ಲ, ತಂದೆತಾಯಿಗಳ ಆಟದ ಬೊಂಬೆಯೂ ಅಲ್ಲ ಎಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿತು. ಶಬ್ದಗಳ ಅಭ್ಯಾಸಿಯಾದ ನನಗೆ ಆ ತೀರ್ಪು ಒಂದು ಶಬ್ದಾರ್ಥದ ತಿದ್ದುಪಡಿಯಂತೆ ಕಾಣುತ್ತದೆ.

ಕೊನೆಗೆ 1999ರಲ್ಲಿ ಆ 'ಅನಂತರ' ಎಂಬ ಪದವೇ ಕಟಕಟೆಗೆ ಬಂದಿತು. ಲೇಖಕಿ ಗೀತಾ ಹರಿಹರನ್ ಅವರು ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡುಗಳಿಗೆ ಸಲ್ಲಿಸಿದ್ದ ಅರ್ಜಿ, ತಂದೆಯ ಸಹಿ ಬೇಕೆಂಬ ಕಾರಣದಿಂದ ಹಿಂದಕ್ಕೆ ಬಂದಿತ್ತು. ಅವರದು ಒಡೆಯದ ಸಂಸಾರ. ಅದರೊಡನೆಯೇ ವಿಚಾರಣೆಗೆ ಬಂದ ವಂದನಾ ಶಿವ ಅವರ ಅರ್ಜಿಯ ಹಿಂದೆ ವಿಚ್ಛೇದನದ ವ್ಯಾಜ್ಯವಿತ್ತು. 'ಅನಂತರ' ಎಂದರೆ ತಂದೆ ಸತ್ತ ಮೇಲೆ ಎಂದಷ್ಟೇ ಅಲ್ಲ. ತಂದೆ ಮಗುವಿನ ಹೊಣೆಯನ್ನು ಹೊರದೆ ಇರುವಾಗ, ಅವನ ಅಭಾವದಲ್ಲಿ ಎಂದೂ ಅರ್ಥ ಎಂದು ಸರ್ವೋಚ್ಚ ನ್ಯಾಯಾಲಯ ವ್ಯಾಖ್ಯಾನಿಸಿತು. ಪತ್ರಿಕೆಯಲ್ಲಿ ಆ ಸುದ್ದಿಯನ್ನು ಓದಿದ ದಿನ ನನಗೆ ಕಂಡದ್ದು ಬಟ್ಟೆಯ ಚೀಲ ಹಿಡಿದ ಆ ಉಪಾಧ್ಯಾಯಿನಿಯ ಮುಖ. ಅವರ ಪ್ರಶ್ನೆಗೆ ಉತ್ತರ ದೊರೆತಿತ್ತು. ಅವರ ಮಗಳಿಗೆ ಅದರಿಂದ ಪ್ರಯೋಜನವಿರಲಿಲ್ಲ.

ಕರ್ನಾಟಕದಿಂದಲೇ ಹೋದ ಮತ್ತೊಂದು ಮೊಕದ್ದಮೆಯನ್ನು ಹೇಳಿ ಈ ಚರಿತ್ರೆಯನ್ನು ಮುಗಿಸುತ್ತೇನೆ. ಅಸಿಂಧುವಾದ ಮದುವೆಯಲ್ಲಿ, ಉದಾಹರಣೆಗೆ ಮೊದಲ ಹೆಂಡತಿಯಿರುವಾಗ ಆದ ಎರಡನೆಯ ಮದುವೆಯಲ್ಲಿ, ಹುಟ್ಟಿದ ಮಗುವಿನ ಗತಿಯೇನು? ಅಂಥ ಮಕ್ಕಳೂ ಔರಸರೇ ಎಂದು ಹಿಂದೂ ವಿವಾಹ ಕಾಯಿದೆಯ 16ನೆಯ ಪ್ರಕರಣ 1976ರ ತಿದ್ದುಪಡಿಯ ಅನಂತರ ಸ್ಪಷ್ಟಪಡಿಸಿತು. ಆದರೆ ಪಿತ್ರಾರ್ಜಿತದಲ್ಲಿ ತಂದೆಗೆ ಬರುವ ಪಾಲಿನಲ್ಲಿ ಅವರಿಗೂ ಹಕ್ಕುಂಟೆ ಎಂಬುದು ವಿವಾದವಾಗಿಯೇ ಉಳಿದಿತ್ತು. ರೇವಣಸಿದ್ದಪ್ಪ ಮೊಕದ್ದಮೆಯೆಂದು ಹೆಸರಾದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ 2023ರಲ್ಲಿ ಉಂಟೆಂದು ತೀರ್ಮಾನಿಸಿತು. ಮದುವೆ ಬಿದ್ದುಹೋದರೂ ಮಗು ಬಿದ್ದುಹೋಗಬಾರದೆಂಬ ತತ್ತ್ವ ಹೀಗೆ ಇನ್ನಷ್ಟು ಗಟ್ಟಿಯಾಯಿತು.

ಇಂದಿನ ಸ್ಥಿತಿಯನ್ನು ಹೀಗೆ ಸಂಗ್ರಹಿಸಬಹುದು. ವಿಚ್ಛೇದನವಾದ ಮೇಲೆ ಗಂಡಹೆಂಡಿರು ಪರಸ್ಪರ ವಾರಸುದಾರರಲ್ಲ. ಮಗು ಮಾತ್ರ ಇಬ್ಬರಿಗೂ ವಾರಸುದಾರ. ಮಗು ತಾಯಿಯ ಬಳಿ ಇದ್ದರೂ ತಂದೆಯ ಪೋಷಣೆಯ ಹೊಣೆ ತಪ್ಪುವುದಿಲ್ಲ. ತಂದೆಯ ಬಳಿ ಇದ್ದರೂ ತಾಯಿ ಮಗುವನ್ನು ಕಾಣುವ ಅವಕಾಶ ಸಾಮಾನ್ಯವಾಗಿ ಅಳಿಯುವುದಿಲ್ಲ. 1984ರ ಕಾಯಿದೆಯಂತೆ ಏರ್ಪಟ್ಟ ಕೌಟುಂಬಿಕ ನ್ಯಾಯಾಲಯಗಳಲ್ಲಿ ನ್ಯಾಯಾಧೀಶರು ಬೆಳೆದ ಮಗುವನ್ನು ತಮ್ಮ ಕೊಠಡಿಗೆ ಕರೆದು ಮಾತನಾಡಿಸುವುದುಂಟು. ಒಂದು ನೂಲನ್ನು ಕತ್ತರಿಸುವಾಗ ಅದರ ಪಕ್ಕದ ನೂಲು ತುಂಡಾಗದಂತೆ ನೋಡಿಕೊಳ್ಳುವ ಈ ಎಚ್ಚರವನ್ನು ಕಲಿಯಲು ಕಾನೂನಿಗೆ ಇಷ್ಟು ಕಾಲ ಬೇಕಾಯಿತು.

ಆದರೆ ಕಾನೂನು ನಡೆಯುವುದು ಸರ್ವೋಚ್ಚ ನ್ಯಾಯಾಲಯದಲ್ಲಿ ಮಾತ್ರವಲ್ಲ. ಶಾಲೆಯ ಪ್ರವೇಶದ ಮೇಜು, ಬ್ಯಾಂಕಿನ ಕಿಂಡಿ, ಆಸ್ಪತ್ರೆಯ ಒಪ್ಪಿಗೆಪತ್ರ, ಇಂಥ ಕಡೆಗಳಲ್ಲಿಯೂ ಅದು ದಿನವೂ ನಡೆಯುತ್ತದೆ. ಅಲ್ಲಿ ಕುಳಿತವರು ನನ್ನಂಥ ಸಾಮಾನ್ಯರು. ತಂದೆತಾಯಿಗಳ ವ್ಯಾಜ್ಯದಲ್ಲಿ ಮಗು ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ. ಆದರೆ ಅದರ ಫಲವನ್ನು ಹೆಚ್ಚು ಕಾಲ ಹೊರುವುದು ಅದೇ. ನಾನು ಅಂದು ಸಹಿಯನ್ನು ನೋಡಿದೆ, ಸಹಿಗಾಗಿ ಬಸ್ಸು ಹತ್ತಬೇಕಾದ ಹುಡುಗಿಯನ್ನು ನೋಡಲಿಲ್ಲ. ತಪ್ಪು ಕಾನೂನಿನದೆಂದು ಹೇಳಿ ಜಾರಿಕೊಳ್ಳುವಂತಿಲ್ಲ. ಪ್ರಾಂಶುಪಾಲರ ಕೊಠಡಿ ನನ್ನ ಮೇಜಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು. ಎದ್ದು ಹೋಗಿ, ಈ ತಾಯಿಯ ಸಹಿಯನ್ನು ಒಪ್ಪಿಕೊಳ್ಳಬಾರದೆ ಎಂದು ಒಂದು ಮಾತು ಕೇಳಬಹುದಾಗಿತ್ತು. ಕೇಳಲಿಲ್ಲ.